ಒದ್ದೆ ಟವೆಲಿನ ಪಾಠ

ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾಗಿ ದಿಲ್ಲಿಯ ರೋಹಿಣಿಯಲ್ಲಿ ನೆಲೆಸಿರುವ ವೆಂಕಟಸುಬ್ಬಯ್ಯನವರಿಗೆ, ಹೃದಯಾಘಾತವಾಗಿ ಬದುಕಿಕೊಂಡ ಮೇಲೆ, ಹೃದಯದ ಹೊರತು ಬೇರೆ ಮಾತಿಲ್ಲ. ಹೆಂಡತಿ ಸರಳಾ ಬಾಲ್ಕನಿಯಲ್ಲಿ ಟವೆಲು ಹಿಂಡಲು ನಿಂತರೆ ಸಾಕು, ಅದನ್ನು ಕಸಿದುಕೊಂಡು, "ನೋಡು, ಹೃದಯದ ಸ್ನಾಯು ಬರೀ ಅಮುಕೋದಲ್ಲ, ಹೀಗೆ ತಿರುಚಿ ಹಿಂಡುತ್ತೆ. ಆಗಲೇ ರಕ್ತ ಅಂಗಾಲಿನ ತನಕ ಹೋಗೋದು" ಎಂದು ಕೆಳಮನೆಯವರು ಬಿಸಿಲಿಗೆ ಹಾಕಿದ ರಜಾಯಿಯ ಮೇಲೆ ನೀರು ಸುರಿಸುತ್ತಾರೆ. "ಬಕೆಟ್ಟಿಗಾದ್ರೂ ಹಿಂಡಬಾರ್ದೇ" ಎಂದು ಸರಳಾ ಗೊಣಗುತ್ತಾರೆ. ತರಕಾರಿ ಭಯ್ಯಾನ ಟೊಮೆಟೊ ಅವರ ಮುಷ್ಟಿಯಲ್ಲಿ ಹೃದಯವಾಗಲು ಹೋಗಿ ಅಪ್ಪಚ್ಚಿಯಾಗುತ್ತದೆ. ಪಾರ್ಕಿನಲ್ಲಿ ಸಿಕ್ಕ ಕನ್ನಡದವರನ್ನೆಲ್ಲ ನಿಲ್ಲಿಸಿ, "ಈ ಹೃದಯ ಯಾರ ಆರ್ಡರಿಗೂ ಕಾಯಲ್ಲ ರೀ, ತನ್ನ ಕರೆಂಟು ತಾನೇ ಹುಟ್ಟಿಸ್ಕೊಳ್ಳುತ್ತೆ. ಎರಡು ಬಡಿತದ ನಡುವಿನ ಚೂರು ಬಿಡುವೇ ಅದರ ಕ್ಯಾಶುವಲ್ ಲೀವು, ಆಗಲೂ ಸುಮ್ಮನಿರದೆ ರಕ್ತ ತುಂಬ್ಕೊಳ್ಳುತ್ತೆ" ಎನ್ನುತ್ತಾರೆ. ಪಕ್ಕದ ಮನೆಯ ಪೂವಣ್ಣನವರು ಎದುರಾದರೆ ಮಾತ್ರ ಪಾಠ ತಾನಾಗಿ ನಿಲ್ಲುತ್ತದೆ. ಆ ದಿನ ಇದೇ ಪಾರ್ಕಿನಲ್ಲಿ ಇವರ ಹೃದಯ ನಿಂತಾಗ, ಸೈನ್ಯದಲ್ಲಿ ಕಲಿತಂತೆ ಎದೆಯನ್ನು ಒತ್ತಿ ಒತ್ತಿ, ಆಂಬುಲೆನ್ಸ್ ಬರುವ ತನಕ ಹೃದಯದ ಕೆಲಸ ಮಾಡಿದ್ದು ಪೂವಣ್ಣನವರ ಕೈ. ಆ ಒತ್ತಿಗೆ ಮುರಿದ ಇವರ ಪಕ್ಕೆಲುಬು ಕೂಡಿಕೊಂಡಿದೆ, ಆದರೆ ದಿಲ್ಲಿಯ ಚಳಿಗೆ ಈಗಲೂ ನೋಯುತ್ತದೆ. ಸರಳಾ ಮುಲಾಮು ತಂದರೆ ಅವರು ಅಂಗಿಯ ಗುಂಡಿ ಬಿಚ್ಚುವುದಿಲ್ಲ. "ಇರಲಿ ಬಿಡು" ಎನ್ನುತ್ತಾರೆ, ನೋವಿನ ಮೇಲೆ ಅಂಗೈ ಇಟ್ಟುಕೊಂಡು, "ಪೂವಣ್ಣನವರು ಇನ್ನೂ ಒತ್ತುತ್ತಾ ಇದಾರೆ."