ಷಡ್ಡಕನ ಸ್ಟೀಲ್ ಕ್ಯಾರಿಯರ್

ಸಹಕಾರ ಸಂಘಗಳ ಆಡಿಟರ್ ವೆಂಕಟರವಣಪ್ಪನವರಿಗೆ ಬಿ.ಪಿ. ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ಇದ್ದದ್ದು ಒಂದೇ ಕಾಯಿಲೆ, ಅದರ ಹೆಸರು ಚಲಪತಿ. ಈ ಚಲಪತಿ ಅವರ ಹೆಂಡತಿ ರಾಮಲಕ್ಷ್ಮಮ್ಮನ ತಂಗಿಯ ಗಂಡ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಬಿ.ಕಾಂ. ಓದಿದ ತನಗಿಂತ ಸುಖವಾಗಿ ನಗುತ್ತಾನಲ್ಲ ಎಂಬುದೇ ಅವರ ಸಂಕಟ.

ಎಂಬತ್ತೇಳರಲ್ಲಿ ಮಂಡಿಕಲ್ಲಿನ ಜಮೀನು ಮಾರಿದ ಪಾಲು ಕೈಗೆ ಬಂತು. ಬೇಕಾದಾಗ ಚೆಕ್ಕು ಬರೆಯುವಂತಿರಬೇಕು, ಒಳ್ಳೆ ಬಡ್ಡಿಯೂ ಬರಬೇಕು, ಅಂಥ ಖಾತೆಗಾಗಿ ಅವರು ಹುಡುಕಾಡಿದರು. ಅದು ಇದ್ದದ್ದು ಚಲಪತಿ ಸದಸ್ಯನಾಗಿದ್ದ ಶಿಡ್ಲಘಟ್ಟದ ಪತ್ತಿನ ಸಂಘದಲ್ಲಿ. ಸಾಲದ್ದಕ್ಕೆ ಅಲ್ಲಿ ಪ್ರತಿ ವರ್ಷ ಮಹಾಸಭೆಯ ದಿನ ಸದಸ್ಯರಿಗೆಲ್ಲ ಸ್ಟೀಲ್ ಸಾಮಾನು ಕೊಡುತ್ತಿದ್ದರು. ಆ ಸಲ ಊಟದ ಕ್ಯಾರಿಯರ್. ಯುಗಾದಿಗೆ ನಾದಿನಿ ಅದರಲ್ಲೇ ಒಬ್ಬಟ್ಟು ತಂದಳು. ರಾಮಲಕ್ಷ್ಮಮ್ಮ ಕ್ಯಾರಿಯರನ್ನು ತಿರುಗಿಸಿ ತಿರುಗಿಸಿ ನೋಡಿದ್ದು ಕಂಡು ವೆಂಕಟರವಣಪ್ಪನವರು ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಆದರೆ ತಾನು ಲೆಕ್ಕ ನೋಡುವ ಸಂಘದಲ್ಲಿ ಆಡಿಟರಾಗಲಿ ಅವನ ಹೆಂಡತಿಯಾಗಲಿ ಖಾತೆ ಇಡಬಾರದೆಂದು ಅವರ ಕಚೇರಿಯ ಕಟ್ಟಪ್ಪಣೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಮೂರೂ ಅವರ ಪಾಲಿನವೇ. ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಸುಮ್ಮನಾಗುವ ಜಾಯಮಾನ ಅವರದಲ್ಲ, ಬಳ್ಳಿಯನ್ನೇ ಕಡಿಯುವವರು. ಆ ವರ್ಷದ ತಪಾಸಣೆಯಲ್ಲಿ, ಪಾತ್ರೆ ಹಂಚುವುದು ದುಂದು, ಬಡ್ಡಿಯೂ ಹೆಚ್ಚಾಯಿತು, ಎರಡಕ್ಕೂ ಕತ್ತರಿ ಹಾಕತಕ್ಕದ್ದು ಎಂದು ಆಕ್ಷೇಪಣೆ ಬರೆದರು. ಅಂದು ರಾತ್ರಿ ಒಳ್ಳೆ ನಿದ್ದೆ ಬಂತು.

ಇನ್ನು ತಮ್ಮ ಹಣಕ್ಕೆ ಉಳಿದದ್ದು ಗೌರಿಬಿದನೂರು. ಅಲ್ಲಿನ ಲೆಕ್ಕ ನೋಡುತ್ತಿದ್ದವರು ಬೇರೆ ಆಡಿಟರು. ಅಲ್ಲೂ ಅಂಥದೇ ಸಂಘವಿತ್ತು, ಅಂಥದೇ ಬಡ್ಡಿ, ಮಹಾಸಭೆಯಲ್ಲಿ ಸ್ಟೀಲ್ ಕೊಡವನ್ನೇ ಕೊಡುತ್ತಾರೆಂಬ ಸುದ್ದಿ ಬೇರೆ. ಬಸ್ಸಿನಲ್ಲಿ ನಿಂತೇ ಹೋಗಿ ಖಾತೆ ತೆರೆದು ಬಂದರು. ಕೊಡವನ್ನು ಚಲಪತಿಯ ಕಣ್ಣಿಗೆ ಬೀಳುವಂತೆ ಎಲ್ಲಿಡಬೇಕೆಂದು ಜಾಗವನ್ನೂ ಗೊತ್ತುಮಾಡಿದರು.

ಮಹಾಸಭೆ ಹತ್ತಿರ ಬಂದಾಗ ಕಚೇರಿಯಿಂದ ಆದೇಶ ಬಂತು. ಗೌರಿಬಿದನೂರು ಇನ್ನು ವೆಂಕಟರವಣಪ್ಪನವರಿಗೆ, ಶಿಡ್ಲಘಟ್ಟ ಇನ್ನೊಬ್ಬರಿಗೆ. ಖಾತೆ ಮುಚ್ಚದೆ ವಿಧಿಯಿರಲಿಲ್ಲ. ಕೊಡ ಹೋಯಿತೆಂದು ರಾಮಲಕ್ಷ್ಮಮ್ಮ ಮುಖ ಊದಿಸಿದರು. ಆಮೇಲೆ ತಾವೇ, ಈಗ ಶಿಡ್ಲಘಟ್ಟದಲ್ಲಿ ಇಡಬಹುದಲ್ಲ, ಅಲ್ಲಿಗೇ ಹೋಗಿ ಎಂದು ಹಟ ಹಿಡಿದರು. ತಾನು ಅಲ್ಲಿ ಬರೆದಿಟ್ಟು ಬಂದದ್ದನ್ನು ಹೆಂಡತಿಗೆ ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡು ಹೋಗಿ ಸದಸ್ಯರಾದರು. ಬಡ್ಡಿ ಆಗಲೇ ಬ್ಯಾಂಕಿನ ಮಟ್ಟಕ್ಕೆ ಇಳಿದಿತ್ತು.

ಮಹಾಸಭೆಯ ದಿನ ಚಲಪತಿ ಪಕ್ಕದ ಕುರ್ಚಿಯ ಮೇಲೆ ಟವಲು ಹಾಸಿ ಜಾಗ ಹಿಡಿದಿದ್ದ. ಭಾಷಣ ಮುಗಿದ ಮೇಲೆ ಹಂಚಿದ್ದು ತಲೆಗೊಂದು ಬಾಳೆಹಣ್ಣು. ಹಿಂದಿನ ಸಾಲಿನವರು ಹೋದ ವರ್ಷದ ಆಡಿಟರನ್ನು ಹೆಸರು ಹಿಡಿಯದೆ ಬಯ್ಯತೊಡಗಿದರು. ವೆಂಕಟರವಣಪ್ಪನವರು ಹಣ್ಣಿನ ಸಿಪ್ಪೆಯನ್ನೇ ನೋಡುತ್ತ ಕೂತರು. ಬರೆದವರು ಯಾರೆಂದು ಚಲಪತಿಗೆ ತಿಳಿಯದೇ? ಅವನು ತನ್ನ ಹಣ್ಣನ್ನೂ ಅವರ ಕೈಗಿಟ್ಟು, ಅವರಿಗೊಬ್ಬರಿಗೇ ಕೇಳುವಂತೆ ಅಂದ:

“ಕ್ಯಾರಿಯರ್ ಬೇಕೂಂತ ಒಂದು ಮಾತು ಅಂದಿದ್ರೆ, ಆವತ್ತೇ ಒಬ್ಬಟ್ಟಿನ ಜೊತೆ ಬಿಟ್ಟುಬರ್ತಿದ್ವಲ್ಲ ಅಣ್ಣ.”

ಆ ಮಾತಿನಲ್ಲಿ ಕುಹಕವಿದೆಯೇ ಎಂದು ವೆಂಕಟರವಣಪ್ಪನವರು ಅವನ ಮುಖದಲ್ಲಿ ಹುಡುಕಿದರು. ಇರಲಿಲ್ಲ. ಅದಕ್ಕೂ ಅವರಿಗೆ ಹೊಟ್ಟೆ ಉರಿಯಿತು.