ಹಗೇವು ಬಿಚ್ಚಿದ ಮಳೆಗಾಲ

ಮಳೆಗಾಲದಲ್ಲಿ ಹಗೇವು ಬಿಚ್ಚಬಾರದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಗೇವು ಅಂದ್ರೆ ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣ, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಮೇಲೆ ಹುಲ್ಲು ತುರುಕಿ, ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ರೆ ವರ್ಷಗಟ್ಟಲೆ ಹುಳ ಮುಟ್ಟಲ್ಲ. ಆದ್ರೆ ಒಂದು ಸಲ ಬಿಚ್ಚಿದ್ರೆ ಪೂರ್ತಿ ಖಾಲಿ ಮಾಡಬೇಕು. ಅರ್ಧ ತೆಗೆದು ಅರ್ಧ ಮುಚ್ಚೋ ಹಂಗಿಲ್ಲ. ತೇವ ಇಳಿದು ಮುಗ್ಗಲು ಹಿಡಿದು ದನ ಕೂಡ ಮೂಸದಂಗೆ ಆಗ್ತದೆ. ಹಳೇಕೋಟೆ ಪಕ್ಕದ ನಮ್ಮ ಕೇರೀಲಿ ನಾಲ್ಕು ಮನೆಗೆ ಸೇರಿ ಒಂದೇ ಹಗೇವು. ಆ ವರ್ಷ ಅದನ್ನ ಮಳೆಯಲ್ಲೇ ಬಿಚ್ಚಿದ್ವಿ. ಬಿಚ್ಚಿ ಅಂತ ಹಟ ಹಿಡಿದೋಳು ನಾನು.

ಅರವತ್ತನೇ ಇಸವಿ ಆಚೆ ಈಚೆ ಇರಬೇಕು. ನನ್ನ ಮದುವೆ ಆಗಿ ಆರೇಳು ವರ್ಷ. ಅಕ್ಕನ್ನ ರಾಮನಾಥಪುರದ ಹತ್ರ, ಕಾವೇರಿ ದಡದ ಕೇರಿಗೆ ಕೊಟ್ಟಿದ್ರು. ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗೆ ಸೌದೆ ಹೊರೋ ಕೂಲಿ ಅವಳದು. ಮೂರು ಮಕ್ಕಳು. ಮಳೆ ಹಿಡಿದು ಹತ್ತು ದಿನ ಆಗಿತ್ತು. ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿ ಹೇರಿಕೊಂಡು ಹೋದ ಗಾಡಿಯವರು ವಾಪಸ್ ಬಂದು ಅಲ್ಲಿ ಕೇಳಿದ ಸುದ್ದಿ ಹೇಳಿದ್ರು. ಕಾವೇರಿ ದಡ ಮೀರವ್ಳೆ, ಆ ಕಡೆ ಕೇರಿಗಳೆಲ್ಲ ಕೂತೋಗವೆ ಅಂತ. ಯಾವ ಕೇರಿ, ಎಷ್ಟು ಜನ ಅಂದ್ರೆ ಅವರಿಗೂ ಗೊತ್ತಿಲ್ಲ. ಬಸ್ಸು ನಿಂತಿತ್ತು. ಹೋಗಿ ನೋಡೋಣ ಅಂದ್ರೆ ದಾರಿ ಇಲ್ಲ.

ಅವತ್ತಿಂದ ನನ್ನ ಕಣ್ಣೆಲ್ಲ ಗೋಡೆ ಮೇಲೆ. ನಮ್ಮ ಮನೇದೂ ಮಣ್ಣಿನ ಗೋಡೆ. ಗಳಿಗೆಗೊಂದು ಸಲ ಹೋಗಿ ಅಂಗೈ ಒತ್ತಿ ನೋಡೋಳು. ಮೆತ್ತಗಾಗಿದ್ರೆ ಅದೇ ಯೋಚನೆ. ಅಕ್ಕನ ಗೋಡೆ ಹೆಂಗಿರಬೇಕು ಅಂತ.

ಆಗ ಬಂದ್ರು ಸಂಘದೋರು, ನೆರೆ ಜನಕ್ಕೆ ದವಸ ಎತ್ತೋಕೆ. ಯಾವ ಸಂಘವೋ, ಹಾಸನದ ಕಡೆಯೋರು ಅಂದ್ರು. ಎರಡು ಎತ್ತಿನ ಗಾಡಿ, ಒಂದು ಬಾವುಟ, ಮುಂದೆ ತಮಟೆ. ಅವರಲ್ಲಿ ಬಿಳೀ ಶರಟು ಹಾಕಿದೋನೊಬ್ಬ ಸೀದಾ ಕೇರಿಯೊಳಕ್ಕೆ ನುಗ್ಗಿ ನಮ್ಮ ಜಗಲಿ ಮೇಲೆ ಕೂತ. "ನೀರು ಕೊಡವ್ವ" ಅಂದ. ಕೊಟ್ಟೆ. ಎತ್ತಿ ಕುಡೀಲಿಲ್ಲ, ಚೊಂಬು ಕಚ್ಚಿ ಕುಡಿದ. ಹೊರಗಿನೋರು ನಮ್ಮ ಚೊಂಬಿಗೆ ಬಾಯಿ ಹಚ್ಚಿದ್ದು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

"ಎಲ್ಲಾ ಒಂದೇ ಕಣವ್ವ. ನೀರಿಗೆ ಜಾತಿ ಇದ್ಯಾ?" ಅಂದ.

ನಮ್ಮತ್ತೆ ಮೂಲೇಲಿ ಎಲೆ ಅಡಿಕೆ ಕುಟ್ತಿದ್ಲು. "ನೀರ್ಗಿಲ್ಲ ಕಣಪ್ಪ, ಬಾವಿಗೈತೆ" ಅಂದ್ಲು. ಅವನು ಜೋರಾಗಿ ನಕ್ಕ. ನಮಗೆಲ್ಲ ಹಿಡಿಸಿಬಿಟ್ಟ.

"ನಮ್ಮಕ್ಕ ಆ ಕಡೆ ಅವ್ಳೆ ಸಾ" ಅಂದೆ.

"ಚೆನ್ನಾಗಿದಾಳೆ ಬಿಡವ್ವ, ನಾನೇ ಕಂಡೆ. ಗಂಜಿ ಕುಡೀತಾ ಕೂತಿದ್ಲು. ಆದ್ರೆ ಗಂಜಿ ಮುಗೀತಾ ಬಂತು. ನಾಳಿದ್ದು ಮತ್ತೆ ಗಾಡಿ ತರ್ತೀವಿ, ರಾಗಿ ತೆಗೆದಿಟ್ಟಿರಿ" ಅಂದ.

ನನಗೆ ಅಳುವೇ ಬಂದುಬಿಡ್ತು. ಹಗೇವು ಬಿಚ್ಚಲೇಬೇಕು ಅಂತ ಮನೆಮನೆಗೂ ಹೋಗಿ ಬಾಯಿ ಮಾಡಿದೆ. ಅವನು ಹೋದ ಮೇಲೆ ಅತ್ತೆ ಒಂದೇ ಮಾತು ಕೇಳಿದ್ಲು. "ನಿಮ್ಮಕ್ಕನ ಹೆಸ್ರು ಕೇಳಿದ್ನೇನೇ ಅವ್ನು?"

ಕೇಳಿರಲಿಲ್ಲ. ಊರೂ ಕೇಳಿರಲಿಲ್ಲ. ಗೊತ್ತಾದ್ರೂ ನಾನು ಅವನ ಮಾತನ್ನೇ ಹಿಡಿದುಕೊಂಡೆ. ಚೆನ್ನಾಗಿದಾಳೆ ಅಂದೋನು ಅವನೊಬ್ಬನೇ ತಾನೇ.

ಮಾರನೇ ದಿನ ಬೆಳಗ್ಗೆ ತೆಂಗಿನ ಗರಿ ತಡಿಕೆ ಮರೆ ಕಟ್ಟಿ, ಹಾರೆ ಹಾಕಿ ಚಪ್ಪಡಿ ಎತ್ತಿದ್ರು. ಬಿಸಿ ಗಾಳಿ ಮುಖಕ್ಕೆ ಹೊಡೀತು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ರೆ ಅರ್ಧಕ್ಕೆ ಪಕ್ ಅಂತ ಆರಿಹೋಯ್ತು. ಒಳಗೆ ಕೆಟ್ಟ ಗಾಳಿ. ಅದರಲ್ಲಿ ಇಳಿದೋನು ಮೇಲಕ್ಕೆ ಹೆಣವಾಗಿ ಬರೋದು ನಮ್ಮ ಕಡೆ ಹೊಸದಲ್ಲ. ಸೊಪ್ಪಿನ ಕೊಂಬೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದ್ರು. ಎರಡನೇ ಸಲ ದೀಪ ಉಳೀತು, ಕಡ್ಡಿಯಷ್ಟು. ಇಳಿಯೋ ಸರದಿ ನನ್ನ ಗಂಡನದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೊದಲನೇ ಕುಕ್ಕೆ ಬಂತು, ಎರಡನೇದು ಬಂತು. ಆಮೇಲೆ ಹಗ್ಗ ಸಡಿಲ ಬಿತ್ತು. ಕೂಗಿದ್ವಿ. ಉಲಿಯಲಿಲ್ಲ. ನಾನು ಬಾವಿಗೆ ಬಿದ್ದೋಳಂಗೆ ಕಿರುಚಿಕೊಂಡೆ. ನಾಲ್ಕು ಜನ ಎಳೆದ್ರು.

ಮೇಲಕ್ಕೆ ಬಂದೋನು ಥೂ ಅಂತ ಉಗಿದ. "ಯಾಕ್ರಲಾ ಎಳುದ್ರಿ? ಬಾಯಿಗೆ ರಾಗಿ ನುಗ್ಗಿತ್ತು ಕಣ್ರಲಾ! ಇವ್ಳ ಬಾಯಿಗೇನ್ ನುಗ್ಗಿತ್ತು?" ಅಂದ. ಎಲ್ಲರೂ ನಕ್ಕರು. ಆಮೇಲಿಂದ ನಾನು ಹಗ್ಗದ ತುದಿ ಕೈ ಬಿಡಲಿಲ್ಲ. ನನ್ನ ಹಟಕ್ಕೆ ಇಳಿದದ್ದು ಅವನು.

ರಾಗಿ ನಾಲ್ಕು ಪಾಲಾಯ್ತು. ನಮ್ಮ ಪಾಲು ಮನೇಲಿ ಚಾಪೆ ಮೇಲೆ ಸುರಿದ್ವಿ. ಸೂರು ಸೋರ್ತಿತ್ತು. ರಾಗಿ ಮೇಲೆ ಒಂದು ಹನಿ ಬಿದ್ರೂ ನಾನು ಎದ್ದು ಒರೆಸೋಳು. ಇನ್ನು ಅದನ್ನ ಭೂಮಿಗೆ ವಾಪಸ್ ಹಾಕೋ ಹಂಗಿಲ್ಲ. ಬೇಗ ಯಾರಿಗಾದ್ರೂ ಕೊಡಬೇಕು, ಸರಿಯಾದೋರಿಗೆ ಕೊಡಬೇಕು. ತಪ್ಪಿದ್ರೆ ಅಕ್ಕನಿಗೂ ಇಲ್ಲ, ನಮಗೂ ಇಲ್ಲ.

ಅವತ್ತೇ ಇಳಿಹೊತ್ತಿಗೆ ಮೇಷ್ಟ್ರು ಬಂದ್ರು. ನಮ್ಮ ಹೋಬಳಿ ಇಸ್ಕೂಲಿನೋರು. ಸ್ವಂತ ಮನೆ ರಾಮನಾಥಪುರದ ದೇವಸ್ಥಾನದ ಬೀದೀಲಿ, ಪೂಜೆ ಮಾಡೋ ಜನ. ಛತ್ರಿ ಹಿಡಿದು ಕೇರಿ ಬಾಯಲ್ಲೇ ನಿಂತ್ರು. ಛತ್ರೀಲಿ ಎರಡು ಕಡ್ಡಿ ಮುರಿದಿತ್ತು, ಅರ್ಧ ಮೈ ನೆನೀತಿತ್ತು.

"ಒಳೀಕ್ ಬನ್ನಿ ಸಾಮಿ, ನೆನೀತೀರ" ಅಂದೆ.

"ಇಲ್ಲೇ ಇರ್ತೀನಮ್ಮ, ಪರವಾಗಿಲ್ಲ."

ನಮ್ಮತ್ತೆ ಅವರಿಗೆ ಕೇಳೋ ಹಂಗೇ ಹೇಳಿದ್ಲು. "ಮಳೆ ಮೈಲ್ಗೆ ಅಲ್ಲ ಕಣೇ ಅವ್ರಿಗೆ. ನಮ್ ಸೂರು ಮೈಲ್ಗೆ."

ಮೇಷ್ಟ್ರು ತಲೆ ತಗ್ಗಿಸಿದ್ರು. ಇಲ್ಲ ಅನ್ನಲಿಲ್ಲ. ಆಮೇಲೆ ಹೇಳಿದ್ರು, ಅವರ ತಮ್ಮ ಕಾಗದ ಬರೆದವ್ನಂತೆ. ದೇವಸ್ಥಾನದ ಚತ್ರದಲ್ಲಿ ಊಟ ಹಾಕ್ತಾ ಅವರೆ, ಕೇರಿ ಜನಾನ ಒಳಕ್ಕೆ ಬಿಡ್ತಾ ಇಲ್ಲ. ಕೇರಿ ಕಡೆಗೆ ಯಾರೂ ಏನೂ ಒಯ್ದಿಲ್ಲ. "ಅರಕಲಗೂಡಿನ ತನಕ ಬಸ್ಸು ಬಿಟ್ಟಿದಾರೆ. ಎರಡು ಮೂಟೆ ಆದ್ರೆ ನಾನು ಒಯ್ಯಬಲ್ಲೆ. ಕೇರಿಗೇ ಕೊಡ್ತೀನಿ."

"ನಮ್ಮಕ್ಕ ಅಲ್ಲವ್ಳೆ ಸಾಮಿ. ಬ್ಯಾರನ್‌ಗೆ ಸೌದೆ ಹೊರ್ತಾಳೆ, ಎಡಗೆನ್ನೇಲಿ ಮಚ್ಚೆ ಐತೆ. ಅವ್ಳಾ?"

"ನನಗೆ ಗೊತ್ತಿಲ್ಲಮ್ಮ. ಹುಟ್ಟಿದ ಊರಾದ್ರೂ ನಾನು ಆ ಕೇರಿಗೆ ಒಂದು ದಿನಕ್ಕೂ ಹೋದೋನಲ್ಲ."

ಹಾಳಾಗ್ಹೋಗು ಅನ್ನಿಸ್ತು ನನಗೆ. ನೀರು ಬೇಕಾ ಅಂತ ಕೇಳಿದೆ, ಬೇಕಂತಲೇ. ಬೇಡ ಅಂದ್ರು. ನಾಳಿದ್ದು ಬೆಳಗ್ಗೆ ಹೊರಡ್ತೀನಿ, ಯೋಚನೆ ಮಾಡಿ ಅಂತ ಹೇಳಿ ಹೋದ್ರು.

ಇಡೀ ಕೇರಿಗೆ ಅದೇ ಮಾತಾಯ್ತು. ನಮ್ಮ ನೀರು ಕುಡೀದೋನು ನಮ್ಮ ಜನಕ್ಕೆ ರಾಗಿ ಕೊಡ್ತಾನಾ? ನನಗೂ ಹಂಗೇ ಅನ್ನಿಸ್ತು. ನಮ್ಮ ಕಡೆ ಮನುಷ್ಯನ್ನ ಅಳೆಯೋದೇ ಅದರಿಂದ. ಆದ್ರೆ ಭಯ ಮಾತ್ರ ಹೋಗಲಿಲ್ಲ. ಒಬ್ಬ ಕಾಣದೇ ಕಂಡೆ ಅಂದ. ಇನ್ನೊಬ್ಬ ನಾಚಿಕೆ ಬಿಟ್ಟು ಗೊತ್ತಿಲ್ಲ ಅಂದ. ಯಾರಿಗೆ ಕೊಟ್ರೂ ಆ ಮೂಟೆ ಎಲ್ಲಿ ಇಳೀತದೆ ಅಂತ ನಾನು ನೋಡೋದು ಹೆಂಗೆ? ಅದನ್ನೇ ಯೋಚನೆ ಮಾಡ್ತಾ ಮಾಡ್ತಾ ತಲೆಗೆ ಹೊಳೀತು. ನಾನೇ ಹೋಗಬೇಕು.

ಸಂಘದ ಗಾಡಿ ಬಂದಾಗ ಬಿಳೀ ಶರಟಿನೋನಿಗೆ ಹೇಳಿದೆ, "ಸಾ, ರಾಗಿ ಜೊತೆ ನಾನೂ ಬತ್ತೀನಿ."

"ಹೆಣ್ಣೆಂಗಸು ಗಾಡೀಲಿ ಎಲ್ಲಿ ಕೂರ್ತೀಯವ್ವ? ರಸೀತಿ ಕೊಡ್ತೀನಲ್ಲ!"

"ರಸೀತಿ ಬ್ಯಾಡ. ಮೂಟೆ ಮ್ಯಾಲೆ ಕೂರ್ತೀನಿ."

"ನಂಬಿಕೆ ಇಲ್ಲದೋರ ಹತ್ರ ನಾವು ಇಸ್ಕೊಳ್ಳೋದೇ ಇಲ್ಲ" ಅಂತ ಮುಖ ತಿರುಗಿಸಿದ. ಮಿಕ್ಕ ಮೂರು ಮನೆಯೋರು ತಮ್ಮ ತಮ್ಮ ಪಾಲಲ್ಲಿ ಮೂಟೆ ಮೂಟೆ ಕೊಟ್ರು. ರಸೀತಿ ತಲೆಕೆಳಗು ಹಿಡಿದುಕೊಂಡು ನೋಡಿದ್ರು. ಆ ರಾಗಿ ಯಾರ ಹೊಟ್ಟೆ ಸೇರಿತೋ ನನಗೆ ಗೊತ್ತಿಲ್ಲ. ಮಾರಿಕೊಂಡ್ರು ಅಂದೋರೂ ಉಂಟು, ಇನ್ನೆಲ್ಲೋ ಹಂಚಿದ್ರು ಅಂದೋರೂ ಉಂಟು. ನಾನು ಕಣ್ಣಲ್ಲಿ ನೋಡಿಲ್ಲ, ಹೇಳಲ್ಲ.

ಮೇಷ್ಟ್ರಿಗೂ ಅದೇ ಮಾತು ಹೇಳಿದೆ. ಅವರು ಛತ್ರಿಯ ಮುರಿದ ಕಡ್ಡಿ ನೆಟ್ಟಗೆ ಮಾಡೋಕೆ ನೋಡಿದ್ರು. ಆಮೇಲೆ "ಬಾಮ್ಮ. ನೀನು ಬಂದ್ರೆ ನನಗೂ ಧೈರ್ಯ. ನಾನೊಬ್ಬನೇ ಆದ್ರೆ ನಮ್ಮೋರು ಚತ್ರದಲ್ಲೇ ಇಳಿಸಿಕೊಂಡುಬಿಡ್ತಾರೆ" ಅಂದ್ರು. ಇವರಿಗೂ ಭಯ ಇದ್ಯಾ ಅಂತ ನಾನು ಬಾಯಿ ಬಿಟ್ಟು ನೋಡಿದೆ.

"ಲೇ, ಅವ್ರು ನಿನ್ನ ಪಕ್ಕದಲ್ ಕೂರುಸ್ಕಳಲ್ಲ ಕಣೇ" ಅಂದ ನನ್ನ ಗಂಡ.

"ಬ್ಯಾಡ್ಲಿ. ಮೂಟೆ ಪಕ್ಕ ಕೂರ್ತೀನಿ" ಅಂದೆ. ಎರಡು ಮೂಟೆ ಹೊಲಿದು ಕೊಟ್ಟ.

ಹೊಳೆನರಸೀಪುರದ ಹತ್ರ ಬಸ್ಸು ಸೇತುವೆ ಮೇಲೆ ಹೋಗುವಾಗ ಹೇಮಾವತಿ ಕೈ ಚಾಚಿದ್ರೆ ಸಿಗೋ ಹಂಗೆ ಹರೀತಿದ್ಲು. ಕೆಂಪಗೆ. ಒಂದು ಹಸು ಕಾಲು ಮೇಲೆ ಮಾಡಿಕೊಂಡು ತೇಲಿ ಹೋಯ್ತು. ಮೇಷ್ಟ್ರು ಮುಂದಿನ ಸೀಟಲ್ಲಿ ಮಂತ್ರ ಹೇಳ್ತಿದ್ರು, ನಾನು ಹಿಂದೆ ಮೂಟೆ ತಬ್ಬಿ ಕೂತಿದ್ದೆ. ಅರಕಲಗೂಡಲ್ಲಿ ಇಳಿದು ಒಂದು ಎತ್ತಿನ ಗಾಡಿ ಹಿಡಿದ್ವಿ.

ಚತ್ರದ ಮುಂದೆ ಇಬ್ಬರು ಗಾಡಿಗೆ ಅಡ್ಡ ಬಂದ್ರು, ಮೇಷ್ಟ್ರ ಬೀದಿಯೋರೇ. "ಏನೋ, ಪಾಠ ಬಿಟ್ಟು ಮೂಟೆ ಹೊರೋಕೆ ಶುರು ಮಾಡಿದ್ಯಾ? ಇಳಿಸು ಇಲ್ಲಿ, ನಾವು ಹಂಚ್ತೀವಿ."

ಮೇಷ್ಟ್ರು ಪಂಚೆ ಚುಂಗು ಹಿಂಡ್ತಾ ನಿಂತುಬಿಟ್ರು. ಹೋಯ್ತು ನನ್ನ ರಾಗಿ ಅಂದುಕೊಂಡೆ. ಎರಡೂ ಕೈ ಮೂಟೆ ಬಾಯಿ ಮೇಲೆ ಇಟ್ಟೆ.

ಕೊನೆಗೆ ಮೇಷ್ಟ್ರೇ ಅಂದ್ರು, "ಇದು ನನ್ನದಲ್ಲ. ರಾಗಿ ಯಜಮಾನಿ ಗಾಡೀಲಿದಾಳೆ. ಅವಳನ್ನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದ್ರು. ತಾನು ಹೇಳಲಾರದೆ ನನ್ನ ಮುಂದಕ್ಕೆ ತಳ್ಳಿದ ಅಂತ ಸಿಟ್ಟು ಬಂತು. ಆ ಬೀದೀಲಿ ನಾನು ನಿಲ್ಲೋದೇ ತಪ್ಪು, ಮಾತಾಡೋದು ಬೇರೆ. "ಕೇರಿಗೆ" ಅಂದೆ. ಅದೊಂದೇ ಮಾತು ಬಂದದ್ದು. ಗಾಡಿಯೋನು ಯಾಕೋ ತಡ ಮಾಡದೆ ಎತ್ತು ಹೊಡೆದ. ಹಿಂದಿಂದ ಏನೇನೋ ಬೈದ್ರು, ನಾನು ತಿರುಗಿ ನೋಡಲಿಲ್ಲ.

ಕೇರಿ ಇರಲಿಲ್ಲ. ಮಣ್ಣಿನ ಗುಪ್ಪೆಗಳಿದ್ವು, ಮೇಲೆ ತೊಲೆ ಎದ್ದು ನಿಂತಿದ್ವು. ಜನ ಎಲ್ಲ ಬ್ಯಾರನ್ ಒಳಗೆ ಸೇರಿಕೊಂಡಿದ್ರು, ಅದೊಂದು ಇಟ್ಟಿಗೆ ಗೋಡೆಯದು. ಬಾಗಿಲಲ್ಲಿ ಹೋಗಿ ಒಳಗೆ ಕಣ್ಣು ಹಾಯಿಸಿದೆ. ಕತ್ತಲಲ್ಲಿ ಎಲ್ಲ ಮುಖಾನೂ ಒಂದೇ ಥರ. ಒಂದೊಂದೇ ಕೆನ್ನೆ ನೋಡ್ತಾ ಹೋದೆ.

"ಯಾರೇ ಅದು, ಸಂತೇಲಿ ಕುರಿ ನೋಡ್ದಂಗ್ ನೋಡ್ತಾ ಇರೋದು?" ಅಂತು ಒಂದು ದನಿ. ಅಕ್ಕ.

ಮೂರು ಮಕ್ಕಳೂ ಇದ್ವು. ಅವಳ ಅತ್ತೆ ಗೋಡೆ ಕೆಳಗೆ ಸಿಕ್ಕಿ ತೀರಿಹೋಗಿದ್ಲು. ಅಕ್ಕ ಅಳಲಿಲ್ಲ, ನನ್ನ ತಬ್ಬಲೂ ಇಲ್ಲ. ಮೂಟೆ ನೋಡಿ ಕೈ ಹಾಕಿ ಒಂದು ಹಿಡಿ ತೆಗೆದ್ಲು. ಮುಖ ಸಣ್ಣಗಾಯ್ತು.

"ಕಾಳು ತಂದಿದ್ದೀಯಲ್ಲೇ. ಬೀಸಾಕೆ ಕಲ್ಲೆಲ್ಲೈತೆ?"

ಕಲ್ಲೆಲ್ಲ ಗೋಡೆ ಅಡಿ ಹೂತುಹೋಗಿದ್ವು. ನಾವು ಅವತ್ತಿನ ರಾಗಿ ಅವತ್ತೇ ಬೀಸೋ ಜನ, ಹಿಟ್ಟು ಮಾಡಿ ಒಯ್ಯಬೇಕು ಅಂತ ಕೇರೀಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕಾಳು ಬೇಯಿಸಿ ಕೊಟ್ರೆ ಮಕ್ಕಳ ಹೊಟ್ಟೇಲಿ ನಿಲ್ಲಲ್ಲ, ಹಂಗೇ ಆಚೆ ಬತ್ತದೆ. ನಾಲ್ಕು ದಿನದಿಂದ ಕೊಳೆತ ಗೆಣಸು ತಿಂದು ಆಗಲೇ ಎರಡಕ್ಕೆ ಭೇದಿ ಹತ್ತಿತ್ತು. ಹಗೇವು ಬಿಚ್ಚಿಸಿ, ಗಂಡನ್ನ ಅದರೊಳಗೆ ಇಳಿಸಿ, ಇಷ್ಟು ದೂರ ಹೊತ್ತು ತಂದದ್ದು ಇದಕ್ಕಾ ಅಂತ ನಾನು ಮೂಟೆ ಮೇಲೇ ಕೂತುಬಿಟ್ಟೆ.

ಮೇಷ್ಟ್ರು ಗಾಡಿ ಹತ್ರ ನಿಂತು ಕೇಳಿಸಿಕೊಂಡ್ರು. ಹಂಗೇ ಗಾಡಿ ಹತ್ತಿ ಹೋದ್ರು. ತಪ್ಪಿಸಿಕೊಂಡ್ರು ಅಂದ್ಲು ಅಕ್ಕ. ನನಗೂ ಹಂಗೇ ಅನ್ನಿಸ್ತು. ಹೊಳೆ ಮತ್ತೆ ಏರ್ತಾ ಇದೆ ಅಂತ ಯಾರೋ ಬಂದು ಹೇಳಿದ್ರು.

ಗಾಡಿ ವಾಪಸ್ ಬಂತು. ಮೇಷ್ಟ್ರು ಬೀಸೋಕಲ್ಲು ತಂದಿದ್ರು, ಅವರ ಮನೇದೇ. ಗೋಧಿ ಬೀಸೋ ಸಣ್ಣ ಕಲ್ಲು, ಗೂಟಕ್ಕೆ ಅರಿಶಿನ ಇನ್ನೂ ಮೆತ್ತಿಕೊಂಡಿತ್ತು. ಗಾಡಿಯೋನು ನಗ್ತಾ ಅಂದ, "ಇವ್ರ ಮನೆ ಅಮ್ಮಾವ್ರು ಬೀದಿಗಂಟ ಬಂದು ಉಗುದ್ರು ಕಣವ್ವ. ಇವ್ರು ಕಿವುಡ್ರಂಗೆ ಗಾಡಿ ಹತ್ತುದ್ರು."

ಮೇಷ್ಟ್ರು ನಗಲಿಲ್ಲ. ಕಲ್ಲು ತಾವೇ ಇಳಿಸಿ ಬಾಗಿಲಲ್ಲಿ ಇಟ್ರು. "ಇದನ್ನ ವಾಪಸ್ ಒಯ್ಯೋ ಹಂಗಿಲ್ಲಮ್ಮ. ಇಲ್ಲೇ ಇರಲಿ. ನಾಳೆ ನನಗೇನು ಮಾಡ್ತಾರೋ ನೋಡಬೇಕು" ಅಂದ್ರು. ಅಕ್ಕ ಆಗಲೇ ಕಲ್ಲಿನ ಮುಂದೆ ಕೂತಿದ್ಲು.

ನಾನೂ ಅವಳೂ ಎದುರುಬದುರು ಕೂತು ಗೂಟ ಹಿಡಿದ್ವಿ. ಹಿಟ್ಟು ಬೀಳ್ತಿದ್ದಂಗೆ ಅವಳ ಸಣ್ಣ ಮಗಳು ಹಸೀದನ್ನೇ ಬಾಯಿಗೆ ಹಾಕಿಕೊಂಡ್ಲು. ಅಕ್ಕ ಹೊಡೀಲಿಲ್ಲ. ಕಲ್ಲು ತಿರುಗೋವರೆಗೂ ಹೊಳೆ ಸದ್ದು ಕೇಳ್ತಿರಲಿಲ್ಲ. ಕಾಳು ಹಾಕೋಕೆ ನಿಲ್ಲಿಸಿದ್ರೆ ಗೋಡೆ ಆಚೆಯೇ ನಿಂತಂಗೆ ಕೇಳೋದು. ಅದಕ್ಕೆ ಒಬ್ಬಳು ತಿರುಗಿಸ್ತಿದ್ದಂಗೇ ಇನ್ನೊಬ್ಬಳು ಕಾಳು ಹಾಕ್ತಾ, ನಿಲ್ಲಿಸದಂಗೆ ಬೀಸಿದ್ವಿ.