ಅವ್ವ ಇದ್ದ ಕ್ಯಾಸೆಟ್

1994ರ ಬೇಸಿಗೆಯ ಮಾತು. ನನ್ನ ಮದುವೆಯ ವಿಡಿಯೊ ಕ್ಯಾಸೆಟ್ ಸಲುವಾಗಿ ಅಣ್ಣ, ತಂಗಿ, ನಾನು ಮೂವರೂ ಜಗಳಕ್ಕೆ ಬಿದ್ದಿದ್ದೆವು. ನನ್ನ ಮದುವೆ ನೋಡುವ ಹಂಬಲ ಯಾರಿಗೂ ಇರಲಿಲ್ಲ ಬಿಡಿ! ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಕ್ಯಾಮೆರಾ ಕಂಡರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ ನಮ್ಮವ್ವ ಅದೊಂದರಲ್ಲಿ ಮಾತ್ರ ಸಿಕ್ಕಿಬಿದ್ದಿದ್ದಳು. ಪಂಕ್ತಿಯಲ್ಲಿ ತುಪ್ಪ ಬಡಿಸುವ ಗಡಿಬಿಡಿಯಲ್ಲಿ ಅವಳಿಗೆ ಕ್ಯಾಮೆರಾದ ಖಬರೇ ಇರಲಿಲ್ಲ. ಅವ್ವ ತೀರಿಕೊಂಡು ಆಗ ವರ್ಷವಾಗಿತ್ತು.

ಲಿಂಗಸುಗೂರಿನ ಅಣ್ಣ ಒಯ್ದರೆ ತಿಂಗಳಾದರೂ ಕೊಡುತ್ತಿರಲಿಲ್ಲ. ಮಸ್ಕಿಯ ತಂಗಿ ಅಳುತ್ತಿದ್ದಳು. ಹಾಕಿ ಹಾಕಿ ಚಿತ್ರದ ಮೇಲೆ ಗೆರೆ ಬೀಳತೊಡಗಿದಾಗ ನಮ್ಮ ಯಜಮಾನರು, "ಮೂವರಿಗೂ ಒಂದೊಂದು ಕಾಪಿ ಮಾಡಿಸಿಬಿಡು, ತಲಿಬ್ಯಾನಿ ತಪ್ಪತೈತಿ" ಅಂದರು.

ನಾವಿಬ್ಬರೂ ಸಿಂಧನೂರಿನ ಒಂದು ವಿಡಿಯೊ ಅಂಗಡಿಗೆ ಹೋದೆವು. ಅಂಗಡಿಯವನು ಎರಡು ವಿಸಿಆರ್ ಜೋಡಿಸಿ ಒಂದರಲ್ಲಿ ನಮ್ಮ ಕ್ಯಾಸೆಟ್, ಇನ್ನೊಂದರಲ್ಲಿ ಖಾಲಿಯದನ್ನು ಹಾಕಿದ. ಅಕ್ಷತೆ ಹಂಚುವತನಕ ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಗುಂಡಿ ಒತ್ತಿದರೆ ಕರಕರ ಸದ್ದು. ರೀಲು ಒಳಗೇ ಸಿಕ್ಕಿಕೊಂಡಿತ್ತು!

"ಗಾಬರಿ ಆಗಬ್ಯಾಡ್ರಿ ಅಕ್ಕಾರ" ಎನ್ನುತ್ತ ಅವನು ಮೇಲಿನ ಮುಚ್ಚಳ ಬಿಚ್ಚಿ, ಮುದುಡಿದ ರೀಲನ್ನು ಮೊಳಗಟ್ಟಲೆ ಹೊರಗೆ ಎಳೆದ.

"ಎಲ್ಲಾ ನಿಮ್ಮ ಶಾಣ್ಯಾತನ! ನಮ್ಮವ್ವನ್ನ ಇನ್ನೊಮ್ಮೆ ಕಳಕೊಂಡಂಗಾತು" ಎಂದು ಅಂಗಡಿಯಲ್ಲೇ ಯಜಮಾನರ ಮೇಲೆ ಹರಿಹಾಯ್ದೆ.

ಅಂಗಡಿಯವನು ಕೆಟ್ಟ ರೀಲು ಕತ್ತರಿಸಿ, ಉಳಿದದ್ದನ್ನು ಅಂಟಿಸಿ, ಮತ್ತೆ ಹಾಕಿದ. ಟಿ.ವಿ. ಒಂದೆರಡು ಸಲ ಮಿಣುಕಿತು. ಆಮೇಲೆ ನೇರ ಊಟದ ಪಂಕ್ತಿ! ತುಪ್ಪದ ಗಿಂಡಿ ಹಿಡಿದ ಅವ್ವ! "ಹೊಟ್ಟಿತುಂಬ ಉಣ್ರೆಪಾ, ನಾಚಬ್ಯಾಡ್ರಿ" ಎಂದು ಒದರುತ್ತಿದ್ದಳು. ಹೋದ ಜೀವ ಬಂದಂತಾಯಿತು. ನಗುತ್ತಲೇ ಅತ್ತುಬಿಟ್ಟೆ.

ಅಂಗಡಿಯವನ ಮುಖ ಮಾತ್ರ ಸಪ್ಪಗಾಗಿತ್ತು. "ಅವ್ವಾರು ಉಳದ್ರು ಖರೆ, ತಾಳಿ ಕಟ್ಟೂದ ಹೋತಲ್ರೀ ಅಕ್ಕಾರ..."

"ಸಾಕ್ಷಿ ಹೋತು! ಇನ್ನ ನಾ ಬಚಾವ್" ಎಂದರು ಯಜಮಾನರು.

"ಹೋದ್ರ ಹೋಗ್ಲಿ ಬಿಡಪಾ" ಎಂದೆ ಅಂಗಡಿಯವನಿಗೆ. "ತಾಳಿ ಕಟ್ಟಿದೋರು ಇಲ್ಲೇ ಕುಂತಾರ. ನಮ್ಮವ್ವ ಅದರಾಗಷ್ಟ ಅದಾಳ."

ಸಂಜೆಯೊಳಗೆ ಮೂರು ಕಾಪಿ ಕೈಗೆ ಬಂದವು. ಇವತ್ತಿಗೂ ಅದನ್ನು ನೋಡುವ ನೆಂಟರು "ತಾಳಿ ಕಟ್ಟೂದು ಎಲ್ಲೈತಿ?" ಎಂದು ಕೇಳುತ್ತಾರೆ. "ಸುಮ್ನ ಕುಂದರ್ರಿ, ಅವ್ವ ಬರಾಕತ್ತಾಳ" ಎನ್ನುತ್ತೇನೆ.